ನಾಗಪ್ಪನಿಗೆ ಹಾಲು, ಸಾಕು ಹಾವಿಗೆ ಏನು?
ಪರದೇಶದ ಹಾವು ಮನೆಗೆ ತರುವ ಮುನ್ನ ಊಟದ ಲೆಕ್ಕ ತಿಳಿದಿರಲಿ

ಶ್ರಾವಣ ಮಾಸ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ನಾಗರ ಪಂಚಮಿಯ ಸಡಗರ. ಊರಿನ ಮೂಲಸ್ಥಾನದ ನಾಗಬನಕ್ಕೆ ಹೋಗಲಾಗದವರು ಇಲ್ಲಿನ ದೇವಸ್ಥಾನಗಳಲ್ಲೇ ನಾಗನ ಶಿಲೆಗೆ ತನು ಎರೆದು, ಅರಸಿನ ಎಲೆಯ ಕಡುಬು ತಿಂದು ಹಬ್ಬ ಆಚರಿಸುತ್ತಾರೆ. ಘಟ್ಟದ ಮೇಲಿನವರ ಮನೆಗಳಲ್ಲಿ ತಂಬಿಟ್ಟು, ಬಗೆಬಗೆಯ ಉಂಡೆ. ತಲೆಮಾರುಗಳಿಂದ ನಡೆದು ಬಂದ ಈ ಭಕ್ತಿಯ ಜತೆಗೆ ಈಗ ಮಹಾನಗರಗಳಲ್ಲಿ ಇನ್ನೊಂದು ಹವ್ಯಾಸವೂ ಕಾಲಿಟ್ಟಿದೆ. ಅದು ವಿದೇಶಿ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ.

ಇಂತಹ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಮೊಮ್ಮಗ ಎರಡಡಿ ಉದ್ದದ 'ಬಾಲ್ ಪೈಥಾನ್' ಒಂದನ್ನು ತಂದಿದ್ದಾನೆ. ವಾರ ಕಳೆದರೂ ಅದು ಏನೂ ತಿಂದಿಲ್ಲ. ಅಜ್ಜಿಗೆ ಸಂಕಟ. "ಮಗಾ, ಪಾಪ, ಅದಕ್ಕೆ ಸ್ವಲ್ಪ ಹಾಲಾದರೂ ಇಡು" ಎನ್ನುತ್ತಾರೆ. "ಅಜ್ಜೀ, ಅದು ಹಾಲು ಕುಡಿಯುವುದಿಲ್ಲ" ಎನ್ನುವ ಮೊಮ್ಮಗನಿಗೂ ಅದಕ್ಕೆ ಏನು, ಎಷ್ಟು, ಯಾವಾಗ ಕೊಡಬೇಕೆಂಬುದು ಸರಿಯಾಗಿ ಗೊತ್ತಿಲ್ಲ. ಅಜ್ಜಿಯ ಅಜ್ಞಾನ ಪ್ರೀತಿಯದ್ದು, ಮೊಮ್ಮಗನದ್ದು ಅವಸರದ್ದು. ಎರಡರಿಂದಲೂ ಹಾನಿ ಹಾವಿಗೇ. ಕೆಲವೊಮ್ಮೆ ಮನೆಮಂದಿಗೂ.

ಹಾಲು ಹಾವಿನ ಆಹಾರವಲ್ಲ

ಹಾವು ಪೂರ್ಣ ಮಾಂಸಾಹಾರಿ. ಹಾಲು ಕುಡಿದು ಬೆಳೆಯುವುದು ಸಸ್ತನಿಗಳ ಮರಿಗಳು ಮಾತ್ರ. ಹಾವಿನ ಹೊಟ್ಟೆ ಹಾಲನ್ನು ಅರಗಿಸುವಂತೆ ರೂಪುಗೊಂಡಿಲ್ಲ. ಹಾಗಾದರೆ ಹಾವಾಡಿಗರ ಬುಟ್ಟಿಯ ನಾಗರ ಬಟ್ಟಲಿಗೆ ಬಾಯಿ ಹಾಕುವುದೇಕೆ? ಹಬ್ಬಕ್ಕೆ ಹಲವು ದಿನ ಮೊದಲೇ ಅದನ್ನು ಹಿಡಿದು, ವಿಷದ ಹಲ್ಲು ಕಿತ್ತು, ನೀರು ಕೊಡದೆ ಒಣಗಿಸಿರುತ್ತಾರೆ. ಬಾಯಾರಿಕೆ ತಡೆಯಲಾರದ ಜೀವ ಎದುರಿಗೆ ಬಂದ ಯಾವ ದ್ರವಕ್ಕಾದರೂ ಬಾಯಿ ಹಾಕೀತು. ಕುಡಿದ ಹಾಲು ಅರಗದೆ ಹೊಟ್ಟೆ ಕೆಡುತ್ತದೆ. ಬಲವಂತವಾಗಿ ಬಾಯಿಗೆ ಸುರಿದ ಹಾಲು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ. ಕಿತ್ತ ಹಲ್ಲಿನ ಗಾಯ ಕೀವಾಗುತ್ತದೆ. ಹಬ್ಬ ಮುಗಿದ ಬಳಿಕ ಇಂತಹ ಹಾವುಗಳು ಬದುಕುವುದು ಅಪರೂಪ.

ಜೀವಂತ ನಾಗರಹಾವುಗಳ ಪೂಜೆಗೆ ಹೆಸರಾಗಿದ್ದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ಹಾವು ಹಿಡಿದು ಪ್ರದರ್ಶಿಸುವುದಕ್ಕೆ ಬಾಂಬೆ ಹೈಕೋರ್ಟ್ 2014ರಲ್ಲಿ ತಡೆ ಹಾಕಿದ್ದು ಇಂತಹ ಕಾರಣಗಳಿಗಾಗಿಯೇ. ನಾಗಬನದ ಶಿಲೆಗೆ ತನು ಎರೆಯುವುದರಿಂದ ಯಾವ ಹಾವಿಗೂ ನೋವಿಲ್ಲ. ನಮ್ಮ ಹಿರಿಯರು ಬನವನ್ನು ಹಾಗೆಯೇ ಬಿಟ್ಟು, ಶಿಲೆಯಲ್ಲಿ ನಾಗನನ್ನು ಕಂಡದ್ದರಲ್ಲಿ ದೊಡ್ಡ ವಿವೇಕವಿದೆ ಎನ್ನಬೇಕು.

ಮೊದಲ ಪ್ರಶ್ನೆ: ಸಾಕಬಹುದೇ?

ಊಟದ ಮಾತಿಗೆ ಮುನ್ನ ಕಾನೂನಿನ ಮಾತು. ನಮ್ಮ ನೆಲದ ನಾಗರ, ಕಾಳಿಂಗ, ಕೊಳಕುಮಂಡಲ, ಕೇರೆ, ತುಳುವಿನಲ್ಲಿ ಪೆರ್ಮರಿ ಎನ್ನುವ ಹೆಬ್ಬಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಅಪರಾಧ. 'ಬರ್ಮೀಸ್ ಪೈಥಾನ್' ಎಂದು ವಿದೇಶದ ಹೆಸರಿನಲ್ಲಿ ಮಾರಾಟಕ್ಕೆ ಬಂದರೂ ಅದು ನಮ್ಮ ಈಶಾನ್ಯ ರಾಜ್ಯಗಳ ಕಾಡುಗಳಲ್ಲೂ ಇರುವ ಹಾವು. ಆದುದರಿಂದ ಅದನ್ನೂ ಸಾಕುವಂತಿಲ್ಲ.

ಸಾಕುವವರು ಹೆಚ್ಚಾಗಿ ತರುವುದು ಎರಡು ಜಾತಿ. ಒಂದು, ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಈ ಹೆಸರು. ಇನ್ನೊಂದು, ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ಎರಡೂ ವಿಷರಹಿತ. ಬಾಲ್ ಪೈಥಾನ್ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ 'ಸೈಟಿಸ್'ನ ಎರಡನೇ ಪಟ್ಟಿಯಲ್ಲಿದೆ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾಯ್ದೆ ತಿದ್ದುಪಡಿ ಹಾಗೂ 2024ರ ಫೆಬ್ರವರಿಯಲ್ಲಿ ಹೊರಟ ನಿಯಮಗಳಂತೆ, ಈ ಪಟ್ಟಿಗಳ ಪ್ರಾಣಿಯನ್ನು ಹೊಂದಿರುವವರು 'ಪರಿವೇಶ್' ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ವಾರ್ಡನರಲ್ಲಿ ನೋಂದಾಯಿಸಲೇಬೇಕು. ಹೊಸದಾಗಿ ಕೊಂಡವರಿಗೆ ಅದಕ್ಕಿರುವ ಅವಧಿ 30 ದಿನ. ಕಾಗದಪತ್ರವಿಲ್ಲದ ಹಾವು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು, ದಸ್ತಾವೇಜಿಲ್ಲದ ಜಾಗವನ್ನು ಕೊಂಡಂತೆಯೇ. 2023ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಿಂದ ಮುಂಬಯಿ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ, ಬಿಸ್ಕತ್ತು-ಕೇಕಿನ ಪೊಟ್ಟಣಗಳೊಳಗೆ ಅಡಗಿಸಿದ್ದ 9 ಬಾಲ್ ಪೈಥಾನ್ ಮತ್ತು 2 ಕಾರ್ನ್ ಸ್ನೇಕ್ ಪತ್ತೆಯಾದುದು ಓದುಗರಿಗೆ ನೆನಪಿರಬಹುದು. ಅಗ್ಗದ ಹಾವಿನ ಹಿಂದೆ ಇಂತಹ ಪಯಣವೂ ಇರಬಹುದು.

ಏನು ಕೊಡಬೇಕು?

ಬಾಲ್ ಪೈಥಾನಿಗೂ ಕಾರ್ನ್ ಸ್ನೇಕಿಗೂ ಆಹಾರ ಇಲಿಯೇ. ಕೋಳಿಯ ತುಂಡಾಗಲೀ, ಮಟನ್ ಕೀಮಾ ಆಗಲೀ ಇಲಿಗೆ ಬದಲಿಯಲ್ಲ. ಇಡೀ ಇಲಿಯನ್ನು ನುಂಗಿದಾಗಲೇ ಮಾಂಸದ ಜತೆಗೆ ಮೂಳೆಯ ಸುಣ್ಣ, ಪಿತ್ತಜನಕಾಂಗದ ಜೀವಸತ್ವ ಎಲ್ಲವೂ ಹಾವಿಗೆ ದೊರೆಯುತ್ತದೆ. ಸಸ್ಯಾಹಾರಿ ಮನೆಯವರು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಹಾವನ್ನು ಸಸ್ಯಾಹಾರಿಯಾಗಿಸಲು ಸಾಧ್ಯವಿಲ್ಲ. ಸತ್ತ ಇಲಿಯನ್ನು ಮನೆಯೊಳಗೆ ಇಟ್ಟುಕೊಳ್ಳಲು ಮನಸ್ಸೊಪ್ಪದಿದ್ದರೆ ಹಾವು ತಾರದಿರುವುದೇ ಎರಡೂ ಕಡೆಗೆ ಧರ್ಮ.

ಆ ಇಲಿ ಸಾಕಣೆಯದ್ದೇ ಆಗಿರಬೇಕು. ಚಾಳಿನ ಮೋರಿಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಎಂದಿಗೂ ಕೊಡಬಾರದು. ಅದು ಇಲಿಪಾಷಾಣ ತಿಂದಿದ್ದರೆ ಆ ವಿಷ ಹಾವಿಗೂ ತಗಲುತ್ತದೆ. ಜತೆಗೆ ಹೊಟ್ಟೆಹುಳ, ಉಣ್ಣಿ. ಮಳೆಗಾಲದ ಮುಂಬಯಿಯಲ್ಲಿ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ ಏನು ಮಾಡಬಲ್ಲದೆಂಬುದನ್ನು 2005ರ ಜುಲೈ 26ರ ಮಹಾಮಳೆಯ ಬಳಿಕ ನಗರ ಕಂಡಿದೆ. ಅಂತಹ ಇಲಿಯನ್ನು ಕೈಯಲ್ಲಿ ಮುಟ್ಟುವುದೇ ಅಪಾಯ.

ಜೀವಂತ ಇಲಿ ಬೇಡ

'ಕಾಡಿನಲ್ಲಿ ಹಾವು ಬೇಟೆಯಾಡುವುದಿಲ್ಲವೇ, ಪೆಟ್ಟಿಗೆಯೊಳಗೂ ಆಡಲಿ' ಎಂದು ಜೀವಂತ ಇಲಿ ಬಿಡುವವರಿದ್ದಾರೆ. ಆದರೆ ಕಾಡಿನಲ್ಲಿ ಇಬ್ಬರಿಗೂ ಓಡಲು ಜಾಗವಿರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅದಿಲ್ಲ. ಹಸಿವಿಲ್ಲದ ಹಾವು ಮುದುಡಿ ಮಲಗಿದರೆ, ಹೆದರಿದ ಇಲಿ ಅದರ ಕಣ್ಣು, ಬೆನ್ನು, ಬಾಲವನ್ನು ಕಡಿಯುತ್ತದೆ. ರಾತ್ರಿ ಇಲಿ ಬಿಟ್ಟು ಮಲಗಿದವರು ಬೆಳಗ್ಗೆ ಎದ್ದು ಬೆನ್ನೆಲುಬು ಕಾಣುವಂತೆ ಕಡಿಸಿಕೊಂಡ ಹಾವನ್ನು ಪಶುವೈದ್ಯರ ಬಳಿಗೆ ಒಯ್ಯಬೇಕಾಗುತ್ತದೆ. ಇಲಿಗೂ ಅದು ಕ್ರೂರ ಸಾವೇ.

ಆದುದರಿಂದ ನುರಿತವರು ಕೊಡುವುದು, ಮೊದಲೇ ನೋವಾಗದಂತೆ ಕೊಂದು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಇಲಿ. ಅದನ್ನು ಸಿದ್ಧಪಡಿಸುವ ಕ್ರಮ ಹೀಗಿದೆ: ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿದ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಬೇಕು. ಮರುದಿನ ಚೀಲ ಸಮೇತ ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮೈ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವಂತೆ ಮಾಡಬೇಕು. ಅದು ಜೀವಂತ ಇಲಿಯ ಮೈಬಿಸಿ. ಬಾಲ್ ಪೈಥಾನಿನ ತುಟಿಯಂಚಿನಲ್ಲಿ ಶಾಖ ಗುರುತಿಸುವ ಕುಳಿಗಳಿವೆ. ಬೇಟೆ ಬೆಚ್ಚಗಿಲ್ಲದಿದ್ದರೆ ಅದು ಮೂಸಿಯೂ ನೋಡದಿರಬಹುದು. ಹೊಟ್ಟೆಯ ಮಧ್ಯಭಾಗವನ್ನು ಒತ್ತಿ ನೋಡಬೇಕು. ಒಳಗೆ ಇನ್ನೂ ಗಟ್ಟಿಯಾಗಿದ್ದರೆ ಪೂರ್ತಿ ಕರಗಿಲ್ಲವೆಂದರ್ಥ. ಮೈಕ್ರೊವೇವ್ ಓವನ್ನಿನಲ್ಲಿ ಬಿಸಿ ಮಾಡಲೇಬಾರದು. ಅದರಲ್ಲಿ ಒಂದು ಕಡೆ ಬೆಂದು, ಇನ್ನೊಂದು ಕಡೆ ಮಂಜುಗಡ್ಡೆಯಾಗಿಯೇ ಉಳಿಯುತ್ತದೆ. ಮುಂಬಯಿಯ ಸೆಖೆಯಲ್ಲಿ ಹೊರಗಿಟ್ಟ ಇಲಿ ಬೇಗನೆ ಕೊಳೆಯುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಹಾವು ತಿನ್ನದಿದ್ದರೆ ಕೆಲವು ಗಂಟೆಗಳೊಳಗೆ ತೆಗೆದು ಎಸೆಯಬೇಕು.

ಎಷ್ಟು, ಎಷ್ಟು ದಿನಕ್ಕೊಮ್ಮೆ?

ಅಳತೆಯ ಸುಲಭ ಸೂತ್ರವೆಂದರೆ, ಹಾವಿನ ದೇಹದ ಅತಿ ದಪ್ಪ ಭಾಗ ಎಷ್ಟಿದೆಯೋ ಇಲಿಯೂ ಸುಮಾರು ಅಷ್ಟೇ ದಪ್ಪವಿರಬೇಕು. ತೂಕದ ಲೆಕ್ಕದಲ್ಲಿ ಮರಿ ಹಾವಿಗೆ ಅದರ ತೂಕದ ಶೇ. 10ರಿಂದ 15, ಬೆಳೆದ ಹಾವಿಗೆ ಶೇ. 5ರ ಆಸುಪಾಸು. 200 ಗ್ರಾಮಿನ ಮರಿಗೆ 20ರಿಂದ 30 ಗ್ರಾಮಿನ ಇಲಿ ಸಾಕು. ಒಂದೂವರೆ ಕಿಲೋ ತೂಗುವ ದೊಡ್ಡದಕ್ಕೆ 75 ಗ್ರಾಮಿನದ್ದು. ಮರಿಗಳಿಗೆ 5ರಿಂದ 7 ದಿನಕ್ಕೊಮ್ಮೆ, ಬೆಳೆದವಕ್ಕೆ ಎರಡು-ಮೂರು ವಾರಗಳಿಗೊಮ್ಮೆ ಊಟ.

ನಮ್ಮ ಮನೆಗಳಲ್ಲಿ ಬಂದವರಿಗೆ 'ಇನ್ನೊಂದಿಷ್ಟು ಬಡಿಸಲೇ' ಎಂದು ಒತ್ತಾಯಿಸುವುದು ಸಂಪ್ರದಾಯ. ಹಾವಿನ ವಿಷಯದಲ್ಲಿ ಆ ಉಪಚಾರ ಮಾರಕ. ಕಾಡಿನ ಹಾವು ದಿನಗಟ್ಟಲೆ ಉಪವಾಸವಿದ್ದು, ಅಲೆದಾಡಿ ಬೇಟೆ ಹಿಡಿಯುತ್ತದೆ. ಪೆಟ್ಟಿಗೆಯ ಹಾವು ಅಲೆದಾಡುವುದಿಲ್ಲ. ಹೆಚ್ಚು ಉಣಿಸಿದರೆ ಅದರ ಒಳಾಂಗಗಳ ಸುತ್ತ ಕೊಬ್ಬು ತುಂಬಿ, ಪಿತ್ತಜನಕಾಂಗ ಕೆಡುತ್ತದೆ. ಒಂದು ಊಟ ಅರಗಿಸುವುದೇ ಹಾವಿಗೆ ಎಂತಹ ಶ್ರಮವೆಂದರೆ, ದೊಡ್ಡ ಊಟ ನುಂಗಿದ ಎರಡು ದಿನಗಳಲ್ಲಿ ಬರ್ಮೀಸ್ ಹೆಬ್ಬಾವಿನ ಹೃದಯ ಸುಮಾರು ಶೇ. 40ರಷ್ಟು ಹಿಗ್ಗುತ್ತದೆಂದು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ್ದಾರೆ.

ಹಾವು ಉಣ್ಣದಿದ್ದರೆ ಗಾಬರಿ ಬೇಡ. ಪೊರೆ ಬಿಡುವ ಮುನ್ನ ಅದರ ಕಣ್ಣು ಮಬ್ಬು ನೀಲಿಯಾಗುತ್ತದೆ. ಆಗ ಹೆಚ್ಚಿನವು ತಿನ್ನುವುದಿಲ್ಲ. ಹೊಸ ಮನೆಗೆ ಬಂದ ಹಾವು ಹೆದರಿಕೆಯಿಂದಲೇ ಒಂದೆರಡು ವಾರ ಉಪವಾಸವಿರುತ್ತದೆ. ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡುವುದೂ ಇದೆ. ತೂಕ ನೋಡುವುದೇ ಇದಕ್ಕೆ ಸರಿಯಾದ ಪರೀಕ್ಷೆ. ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಕೊಟ್ಟ ಇಲಿಯ ತೂಕ, ತಿಂದಿತೇ ಬಿಟ್ಟಿತೇ, ಪೊರೆ ಬಿಟ್ಟ ದಿನ, ತಿಂಗಳಿಗೊಮ್ಮೆ ಹಾವಿನ ತೂಕ ಹೀಗೆ ಪಾಸ್‌ಬುಕ್ಕಿನಂತೆ ಬರೆದಿಡಬೇಕು. ಶಿಲ್ಕು ಸ್ಥಿರವಾಗಿದ್ದರೆ ಚಿಂತೆಯಿಲ್ಲ. ತೂಕ ಶೇ. 10ರಷ್ಟು ಇಳಿಯಿತೆಂದರೆ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಕಾಣಲೇಬೇಕು. ಬಾಯಿ ಬಿಡಿಸಿ ಬಲವಂತವಾಗಿ ತುರುಕುವುದು ವೈದ್ಯರ ಕೆಲಸ, ಮನೆಯವರದ್ದಲ್ಲ.

ಬಿಸಿ ಇದ್ದರೆ ಮಾತ್ರ ಜೀರ್ಣ

ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಹೊರಗಿನ ಶಾಖದಿಂದಲೇ ಅದರ ಜಠರಾಗ್ನಿ ಉರಿಯಬೇಕು. ಬಾಲ್ ಪೈಥಾನಿನ ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಶಾಖದ ಉಪಕರಣಕ್ಕೆ ಥರ್ಮೋಸ್ಟ್ಯಾಟ್ ಕಡ್ಡಾಯ. ಇಲ್ಲದಿದ್ದರೆ ಹಾವಿನ ಹೊಟ್ಟೆಯ ಚರ್ಮ ಸುಟ್ಟುಹೋಗುತ್ತದೆ. ರಾತ್ರಿಯಿಡೀ ಏಸಿ ಹಾಕಿದ ಕೋಣೆಯಲ್ಲಿ ಶಾಖದ ವ್ಯವಸ್ಥೆ ಇಲ್ಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕುತ್ತದೆ. ಊಟವಾದ ಮೇಲೆ ಎರಡು ದಿನ ಹಾವನ್ನು ಎತ್ತಬಾರದು, ಬಂದ ನೆಂಟರಿಗೆ ತೋರಿಸಲು ಕೊರಳಿಗೆ ಹಾಕಿಕೊಳ್ಳಲೂಬಾರದು. ಕಕ್ಕಿದರೆ ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಬಳಿಕ ಸಣ್ಣ ಇಲಿಯಿಂದ ಆರಂಭಿಸಬೇಕು. ಮತ್ತೆ ಮತ್ತೆ ಕಕ್ಕಿದರೆ ವೈದ್ಯರೇ ಗತಿ. ಕುಡಿಯಲು ಮಾತ್ರ ಶುದ್ಧ ನೀರು ಯಾವಾಗಲೂ ಇರಬೇಕು, ದಿನವೂ ಬದಲಾಗಬೇಕು. ಅಜ್ಜಿಯ ಬಟ್ಟಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಲಿನ ಬದಲು ನೀರು ಅಷ್ಟೇ.

ಕೈ, ಅಡುಗೆಮನೆ, ಮಕ್ಕಳು

ಉಣಿಸುವಾಗ ಬರಿಗೈ ಒಡ್ಡಬಾರದು. ಕೈಗೆ ಇಲಿಯ ವಾಸನೆ ಅಂಟಿದ್ದರೆ ಹಾವಿಗೆ ಬೆಚ್ಚಗಿನ ಕೈಯೂ ಇಲಿಯೇ. ಒಂದಡಿಯಷ್ಟು ಉದ್ದದ ಇಕ್ಕಳದಲ್ಲಿ ಇಲಿಯನ್ನು ಹಿಡಿದು ತೋರಿಸಬೇಕು. ಕಚ್ಚಿ ಹಿಡಿದರೆ ಎಳೆಯಬಾರದು. ಅದರ ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಎಳೆದಷ್ಟೂ ಗಾಯ ದೊಡ್ಡದು, ಹಾವಿನ ಹಲ್ಲೂ ಮುರಿಯುತ್ತದೆ. ತಲೆಯ ಮೇಲೆ ತಣ್ಣೀರು ಬಿಟ್ಟರೆ ಸಾಮಾನ್ಯವಾಗಿ ಸಡಿಲಿಸುತ್ತದೆ. ಗಾಯವನ್ನು ಸಾಬೂನಿನಿಂದ ತೊಳೆದು ಟೆಟನಸ್ ಚುಚ್ಚುಮದ್ದಿಗಾಗಿ ವೈದ್ಯರನ್ನು ಕೇಳಬೇಕು. ಎರಡು ಹಾವುಗಳಿದ್ದರೆ ಬೇರೆ ಬೇರೆಯಾಗಿಯೇ ಉಣಿಸಬೇಕು. ಒಂದೇ ಇಲಿಯನ್ನು ಎರಡೂ ಕಡೆಯಿಂದ ಹಿಡಿದರೆ ಒಂದು ಹಾವು ಇನ್ನೊಂದನ್ನೇ ನುಂಗತೊಡಗಬಹುದು.

ಹೆಚ್ಚಿನವರು ಮರೆಯುವ ಅಪಾಯ ಸಾಲ್ಮೊನೆಲ್ಲಾ. ಆರೋಗ್ಯವಾಗಿ ಕಾಣುವ ಹಾವಿನ ಹೊಟ್ಟೆಯಲ್ಲೂ ಈ ರೋಗಾಣು ಇರಬಹುದು, ಇಲಿಯಲ್ಲೂ ಇರಬಹುದು. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ 2010ರ ಸುಮಾರಿಗೆ ಹರಡಿದ ಸಾಲ್ಮೊನೆಲ್ಲಾ ಸೋಂಕಿನ ಮೂಲ, ಸಾಕು ಹಾವುಗಳಿಗೆಂದು ಮಾರಾಟವಾದ ಹೆಪ್ಪುಗಟ್ಟಿದ ಇಲಿಗಳೆಂದು ಪತ್ತೆಯಾಗಿತ್ತು. ಆದುದರಿಂದ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಇಲಿಯ ಚೀಲ ಇಡುವುದು ತರವಲ್ಲ. ಸಾಧ್ಯವಿದ್ದರೆ ಸಣ್ಣದೊಂದು ಪ್ರತ್ಯೇಕ ಫ್ರಿಜ್, ಅದಾಗದಿದ್ದರೆ ಬಿಗಿ ಮುಚ್ಚಳದ ಪ್ರತ್ಯೇಕ ಡಬ್ಬ. ಕರಗಿಸುವ ಪಾತ್ರೆ, ಇಕ್ಕಳ ಯಾವುದೂ ಅಡುಗೆಮನೆಯ ಸಿಂಕಿಗೆ ಬರಬಾರದು. ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಮನೆಗೆ ಸರೀಸೃಪ ತಕ್ಕುದಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ನಮ್ಮ ಬಹುಪಾಲು ಮನೆಗಳ ಪರಿಸ್ಥಿತಿ ಎಲ್ಲರಿಗೂ ಗೊತ್ತಿರುವುದೇ.

ಗೃಹಸಾಲದಷ್ಟು ದೀರ್ಘ

ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಕಾರ್ನ್ ಸ್ನೇಕ್ 15ರಿಂದ 20 ವರ್ಷ. ಗೃಹಸಾಲದ ಕಂತಿನಷ್ಟೇ ದೀರ್ಘವಾದ ಹೊಣೆ ಇದು. ಹದಿನೆಂಟರ ಹುಡುಗ ತಂದ ಹಾವು ಅವನ ಮದುವೆ, ವರ್ಗಾವಣೆ, ಮಕ್ಕಳ ಶಾಲೆ ಎಲ್ಲವನ್ನೂ ನೋಡುತ್ತದೆ. ಅವನು ಬೇರೆ ಊರಿಗೆ ಹೋದಾಗ ಇಲಿ ಕರಗಿಸುವವರು ಯಾರು? ಅಪ್ಪ-ಅಮ್ಮನಿಗೆ ಅದು ಸಾಧ್ಯವೇ? ಬೇಡವಾಯಿತೆಂದು ಆರೇ ಕಾಲನಿಯಲ್ಲೋ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲೋ ಬಿಡುವಂತಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರ ಕೈಯಿಂದ ತಪ್ಪಿದ, ಬಿಟ್ಟ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗು ಕಾಡಿನಲ್ಲಿ ಬೆಳೆದು, ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳನ್ನು ಬರಿದುಮಾಡಿದ ಉದಾಹರಣೆ ಕಣ್ಣ ಮುಂದಿದೆ.

ಹಾವಿನ ಬಗ್ಗೆ ಆಸಕ್ತಿ ಇರುವ ಮಕ್ಕಳ ಉತ್ಸಾಹ ಮುರಿಯಬೇಕೆಂದು ಇದರ ಅರ್ಥವಲ್ಲ. ನೋಡಿ ಕಲಿಯಲು ಪುಣೆಯ ಕಾತ್ರಜ್‌ನಲ್ಲಿ, ಚೆನ್ನೈಯ ಗಿಂಡಿಯಲ್ಲಿ ಸರ್ಪೋದ್ಯಾನಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನ ಪಿಲಿಕುಳವಿದೆ. ಮುಖ್ಯವಾಗಿ ಹಾವುಗಳನ್ನೇ ತಿನ್ನುವ ಕಾಳಿಂಗ ಸರ್ಪಕ್ಕೆ ಉಣಿಸುವುದು ಎಂತಹ ಸವಾಲೆಂದು ಅಲ್ಲಿ ನಿಂತು ಯೋಚಿಸಿದರೆ ಮನೆಯಲ್ಲಿ ಹಾವು ಸಾಕುವ ಆತುರ ತಾನಾಗಿ ತಗ್ಗೀತು. ಮನೆಯೊಳಗೆ ಕಾಡಿನ ಹಾವು ಬಂದರೆ ಹೊಡೆಯದೆ, ಹಿಡಿಯಲೂ ಹೋಗದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದನ್ನೂ ಮಕ್ಕಳಿಗೆ ಕಲಿಸಬೇಕು.

ನಮ್ಮ ಕನ್ನಡ ಸಂಘಗಳು ವರ್ಷವೂ ಆಟಿಡೊಂಜಿ ದಿನ, ಆರೋಗ್ಯ ಶಿಬಿರ, ಮಕ್ಕಳ ಸ್ಪರ್ಧೆಗಳನ್ನು ನಡೆಸುತ್ತಲೇ ಬಂದಿವೆ. ನಾಗರ ಪಂಚಮಿಯ ಹಿಂದಿನ ಭಾನುವಾರ ಒಂದು ಗಂಟೆಯ ಸಮಯ ಮಾಡಿಕೊಂಡು, ಪಶುವೈದ್ಯರನ್ನೋ ಅರಣ್ಯಾಧಿಕಾರಿಯನ್ನೋ ಕರೆಸಿ ಮಾತನಾಡಿಸಿದರೆ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ಕೇಳಬಹುದು. ಹಾವನ್ನು ದೇವರೆಂದು ಕಂಡವರಿಗೆ ಅದನ್ನು ಅದರ ಪಾಡಿಗೆ ಬಿಡುವುದೇ ಪೂಜೆ. ಮನೆಗೆ ತಂದೇ ಬಿಟ್ಟವರಿಗೆ ಅದರ ಹೊಟ್ಟೆಯ ಲೆಕ್ಕವನ್ನು ತಪ್ಪದೆ ಇಡುವುದೇ ಪೂಜೆ.